ಯಕೃತ್ತಿನ ಕೊಬ್ಬಿಗೆ ಚೀನೀ ಕಷಾಯ

ನನ್ನ ಯಕೃತ್ತಿನಲ್ಲಿ ಕೊಬ್ಬು ತುಂಬಿದೆ ಎಂದು ಸ್ಕ್ಯಾನ್ ತೋರಿಸಿದಾಗ ಅಮ್ಮ ಮೈಸೂರಿನಿಂದ ಬಂದು ಸಿಂಗಪುರದ ನಮ್ಮ ಜುರಾಂಗ್ ಈಸ್ಟ್ ಮನೆಯಲ್ಲಿದ್ದಳು. ತೂಕ ಇಳಿಸದಿದ್ದರೆ ಮುಂದೆ ಯಕೃತ್ತು ಗಟ್ಟಿಯಾಗಿ ಕೆಟ್ಟೇ ಹೋದೀತು ಎಂದರು ಡಾಕ್ಟರು. ಅವರ ಮಾತಿನಲ್ಲಿ ನನಗೆ ಸಂಶಯವಿರಲಿಲ್ಲ. ಸಂಶಯವಿದ್ದದ್ದು ಹೆಂಡತಿ ಎಳೆದುಕೊಂಡು ಹೋದ ಚೀನೀ ವೈದ್ಯರ ಮೇಲೆ.

ವೈದ್ಯರು ನಾಲಿಗೆ ನೋಡಿ, ಎರಡೂ ಕೈಯ ನಾಡಿ ಹಿಡಿದು, ದೇಹದಲ್ಲಿ ತೇವ ಹೆಚ್ಚಾಗಿದೆ ಎಂದರು. ಒಣಗಿದ ತಾವರೆ ಎಲೆ, ಕಿತ್ತಳೆ ಸಿಪ್ಪೆ, ಹೆಸರು ಗೊತ್ತಿಲ್ಲದ ಬೇರುಗಳನ್ನು ತೂಗಿ ಪೊಟ್ಟಣ ಕಟ್ಟಿದರು. ಈ ತೇವವನ್ನು ಅಳೆಯುವುದು ಹೇಗೆ ಎಂದು ಕೇಳಲು ಬಾಯಿ ತೆರೆದೆ. ಹೆಂಡತಿ ಕಾಲು ತುಳಿದಳು.

ನಾವಿಬ್ಬರೂ ಆಫೀಸಿಗೆ ಹೋಗುವವರು, ಹಾಗಾಗಿ ಕುದಿಸುವ ಕೆಲಸ ಅಮ್ಮನದಾಯಿತು. ಕೊಟ್ಟದ್ದನ್ನು ಒಂದೇ ಗುಟುಕಿಗೆ ಕುಡಿದು ರೈಲು ಹಿಡಿಯಲು ಓಡುತ್ತಿದ್ದೆ. ಕೆಲವು ವಾರಗಳಲ್ಲಿ ಮೈ ಹಗುರಾಯಿತು ಅನ್ನಿಸಿತು. ಬ್ಯೂನಾ ವಿಸ್ಟಾದ ಆಫೀಸಿನಲ್ಲೆಲ್ಲ ಅದನ್ನು ಹೇಳಿಕೊಂಡೂ ತಿರುಗಿದೆ.

ಎರಡನೇ ಸಲ ಹೋದಾಗ ವೈದ್ಯರು, "ವೆರಿ ಬಿಟರ್ ಆಹ್? ಕ್ಯಾನ್ ಡ್ರಿಂಕ್?" ಎಂದು ನಕ್ಕರು. ಬೇವಿನಷ್ಟು ಕಹಿ ಎಂದೆ. ಆ ಕಹಿ ಗಂಟಲಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದೂ ವರ್ಣಿಸಿದೆ.

ಮನೆಗೆ ಬಂದು ಅದನ್ನೇ ಹೇಳಿದರೆ ಅಮ್ಮ ಕಣ್ಣರಳಿಸಿದಳು.

"ಕಹಿ ಎಲ್ಲಿಂದ ಬಂತೋ? ಮೊದಲನೇ ದಿನದಿಂದಾನೂ ಹಾಲು ಬೆಲ್ಲ ಹಾಕೇ ಕೊಡ್ತಿದೀನಿ. ಕಷಾಯಾನ ಬರೀ ನೀರಲ್ಲಿ ಯಾರಾದ್ರೂ ಕುಡೀತಾರಾ?"

"ಅಯ್ಯೋ ಅತ್ತೆ, ಡಾಕ್ಟ್ರು ಮೊದಲು ಸಿಹಿ ಸ್ಟಾಪ್ ಮಾಡಿ ಅಂದಿದ್ರು!" ಎಂದ ಹೆಂಡತಿ ನನ್ನ ಕಡೆ ತಿರುಗಿದಳು. "ನೀವು ನೋಡಿದ್ರೆ ಪಾಯಸ ಕುಡ್ಕೊಂಡು ಬೇವು ಅಂತ ರಿಪೋರ್ಟ್ ಕೊಟ್ಟಿದೀರಾ. ಪಿಎಚ್‌ಡಿ ಬೇರೆ!"

ನಾನು ಸುಳ್ಳು ಹೇಳಿರಲಿಲ್ಲ. ಆ ಕಹಿ ನನಗೆ ಈಗಲೂ ನೆನಪಿದೆ. ಚೀನೀ ಔಷಧಿ ಕಹಿ ಎಂದು ಎಲ್ಲೋ ಕೇಳಿದ್ದನ್ನೇ ನನ್ನ ನಾಲಿಗೆ ತನ್ನದು ಮಾಡಿಕೊಂಡಿರಬೇಕು. ಹಾಗಿದ್ದರೆ ಮೈ ಹಗುರಾದದ್ದು?

ಮರುವಾರ ಡಾಕ್ಟರ ಮುಂದೆ ಉಳಿದ ಪೊಟ್ಟಣಗಳನ್ನಿಟ್ಟು, ಬೆಲ್ಲವನ್ನೂ ಸೇರಿಸಿ ಎಲ್ಲ ಹೇಳಿದೆ. ಕೆಲವು ಗಿಡಮೂಲಿಕೆಗಳು ಯಕೃತ್ತಿಗೇ ಏಟು ಕೊಡುತ್ತವೆ, ಸದ್ಯಕ್ಕೆ ನಿಲ್ಲಿಸಿ ಎಂದು ರಕ್ತ ಪರೀಕ್ಷೆ ಬರೆದರು. "ಈಗ ಹೇಗನ್ನಿಸುತ್ತಿದೆ?" ಎಂದು ಕೇಳಿದರು. ನನ್ನನ್ನು ಕೇಳಬೇಡಿ, ತೂಕ ನೋಡಿ ಎಂದು ಯಂತ್ರ ಹತ್ತಿದೆ. ಇಳಿಯುವುದಿರಲಿ, ತುಸು ಏರಿತ್ತು.

ರಕ್ತ ಪರೀಕ್ಷೆಯಲ್ಲಿ ಹೊಸ ತೊಂದರೆಯೇನೂ ಕಾಣಲಿಲ್ಲ. ರಾತ್ರಿಯ ಅನ್ನ ಬಿಟ್ಟೆ, ಸಂಜೆ ಎರಡು ಸ್ಟೇಷನ್ ಮೊದಲೇ ಇಳಿದು ಬೆವರುತ್ತ ನಡೆದೆ. ಹೇಗನ್ನಿಸುತ್ತಿದೆ ಎಂದು ನನ್ನನ್ನು ನಾನು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಮುಂದಿನ ಸ್ಕ್ಯಾನಿನಲ್ಲಿ ಕೊಬ್ಬು ಕಡಿಮೆಯಾಗಿತ್ತು. ಅದು ನನ್ನ ನೆನಪಲ್ಲ, ಚಿತ್ರ ಕಪಾಟಿನಲ್ಲಿದೆ. ಚೀನೀ ಔಷಧಿ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ಆಫೀಸಿನವರು ಕೇಳುತ್ತಾರೆ. ಗೊತ್ತಿಲ್ಲ, ವೈದ್ಯರು ಕೊಟ್ಟ ಹಾಗೆ ನಾನದನ್ನು ಒಂದು ದಿನವೂ ಕುಡಿದಿಲ್ಲ ಎನ್ನುತ್ತೇನೆ. ಇಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ.