ಪ್ಲಾಸ್ಟಿಕ್ಕಿನೊಳಗಿನ ಐನೂರು ಡಾಲರ್

ಅಮೆರಿಕದವರು ಐನೂರು, ಸಾವಿರ ಡಾಲರ್‌ ನೋಟುಗಳನ್ನು ಅಚ್ಚು ಹಾಕುವುದು ಬಿಟ್ಟು ಎಷ್ಟೋ ಕಾಲವಾಯಿತು. ಈಗ ಬೇಕೆಂದರೆ ಮುಖಬೆಲೆಗಿಂತ ಎಷ್ಟೋ ಹೆಚ್ಚು ಕೊಡಬೇಕು. ನನಗೆ ಅವುಗಳ ಹುಚ್ಚು ಹಿಡಿದಿದ್ದು ಸಿಡ್ನಿಯಲ್ಲಿ. ಇಲ್ಲಿನ ನೋಟೆಲ್ಲ ಪ್ಲಾಸ್ಟಿಕ್. ವಾಷಿಂಗ್ ಮಷೀನಿನಲ್ಲಿ ಪ್ಯಾಂಟಿನ ಜೊತೆ ಒಗೆದರೂ ಲಜ್ಜೆಯಿಲ್ಲದೆ ಹೊಳೆಯುತ್ತದೆ. ನೋಟೆಂದರೆ ಕಾಗದ, ಹತ್ತು ಕೈ ದಾಟಿ ಮೆತ್ತಗಾಗಿರಬೇಕು. ಅಂಥದ್ದೊಂದನ್ನು ಬೆರಳಲ್ಲಿ ಮುಟ್ಟಬೇಕೆಂಬ ಆಸೆಗೆ ಆ ವರ್ಷ ಊರಿಗೆ ಹೋಗುವುದನ್ನೇ ಬಿಟ್ಟು ದುಡ್ಡು ಉಳಿಸಿದೆ.

ಮೆಲ್ಬರ್ನಿನ ವ್ಯಾಪಾರಿಯೊಬ್ಬನ ಬಳಿ ಒಂದು ಐನೂರರ ನೋಟು ಸಿಕ್ಕಿತು. ನನಗೆ ವೆಸ್ಟ್‌ಮೀಡಿನ ಆಸ್ಪತ್ರೆ ಕೆಲಸದಿಂದ ರಜೆ ಸಿಗಲಿಲ್ಲ. ಓದುವಾಗ ನನ್ನ ರೂಮಿನಲ್ಲಿದ್ದ ಗೆಳೆಯ ಮೆಲ್ಬರ್ನಿನಲ್ಲೇ ಇದ್ದ. ತಂದುಕೊಡು ಎಂದೆ. ತುಂಬಾ ಬೆಲೆಬಾಳುವಂಥದ್ದು, ಜೋಪಾನ ಎಂದು ಫೋನಿನಲ್ಲಿ ಮತ್ತೆ ಮತ್ತೆ ಹೇಳಿದೆ.

ಸಿಡ್ನಿಗೆ ಬಂದು, ಹ್ಯಾರಿಸ್ ಪಾರ್ಕಿನ ಸ್ವೀಟ್ ಅಂಗಡಿಯಲ್ಲಿ ಅವನು ಬ್ಯಾಗಿನಿಂದ ತೆಗೆದು ಟೇಬಲ್ಲಿನ ಮೇಲಿಟ್ಟ. ಟಪ್ ಎಂದು ಸದ್ದಾಯಿತು. ಆಫೀಸಿನ ಮಷೀನಿನಲ್ಲಿ ಬಿಸಿ ಕೊಟ್ಟು ಲ್ಯಾಮಿನೇಟ್ ಮಾಡಿಬಿಟ್ಟಿದ್ದ!

"ಏನೋ ಮಾಡಿದೀಯಾ ಇದು?"

"ಸೇಫ್ ಆಗಿರ್ಲಿ ಅಂತ ಮಗಾ. ಮಾರ್ಕ್ಸ್ ಕಾರ್ಡೆಲ್ಲ ಹಿಂಗೇ ತಾನೇ ಮಾಡಿಸಿದ್ದು? ಬೆಲೆಬಾಳೋದು ಅಂತ ನೀನೇ ಹೇಳ್ದೆ."

ಅಂಗಡಿಯವರೆಲ್ಲ ತಿರುಗಿ ನೋಡುವಂತೆ ಕೂಗಾಡಿದೆ. ಕತ್ತೆ ಎಂದೆ, ತಲೆಯಲ್ಲಿ ಏನಿದೆಯೋ ಎಂದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದವನು, "ಒಳ್ಳೇದಕ್ಕೆ ಕಾಲ ಇಲ್ಲ ಬಿಡು" ಎಂದು ತಾನೇ ಮುಖ ಊದಿಸಿಕೊಂಡು ಜಿಲೇಬಿ ತಿಂದ.

ಸಿಟಿಯಲ್ಲಿ ಹಳೇ ನೋಟು ಮಾರುವವನೊಬ್ಬನಿಗೆ ತೋರಿಸಿದೆ. ಬಿಡಿಸಲು ಹೋದರೆ ಬಣ್ಣವೇ ಕಿತ್ತು ಬರುತ್ತದೆ, ಇನ್ನು ಇದನ್ನು ಯಾವ ಸಂಗ್ರಹಕಾರನೂ ಮುಟ್ಟುವುದಿಲ್ಲ ಎಂದ. ಮಾರುವ ಯೋಚನೆ ಯಾರಿಗಿತ್ತು? ನಾನೇ ಮುಟ್ಟುವ ಹಾಗಿಲ್ಲವಲ್ಲ! ಈ ದೇಶದಲ್ಲಿ ನನಗಿದ್ದ ಒಂದೇ ಒಂದು ಕಾಗದದ ನೋಟೂ ಪ್ಲಾಸ್ಟಿಕ್ ಆಯಿತು. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಗೆಳೆತನವೇನೂ ಕೆಡಲಿಲ್ಲ, ನನಗೆ ಅದೂ ಒಂದು ಸಿಟ್ಟು. ಸಿಡ್ನಿಗೆ ಬಂದಾಗಲೆಲ್ಲ ನೋಟು ತರಿಸಿ, ಬೆಳಕಿಗೆ ಹಿಡಿದು, "ನೋಡು, ಒಂದು ಸುಕ್ಕಿಲ್ಲ" ಎನ್ನುತ್ತಾನೆ. ನಾನು ಹಲ್ಲು ಕಚ್ಚಿಕೊಂಡು ಕಾಫಿ ಕೊಡುತ್ತೇನೆ. ಒಮ್ಮೆ ತಡೆಯಲಾರದೆ ಕೇಳಿದೆ: "ಲ್ಯಾಮಿನೇಟ್ ಮಾಡೋಕ್ ಮುಂಚೆ ಮುಟ್ಟಿದ್ಯಲ್ಲ, ಹೆಂಗಿತ್ತೋ? ಮೆತ್ತಗಿತ್ತಾ?"

ಅವನು ಹೆಮ್ಮೆಯಿಂದಲೇ ಹೇಳಿದ: "ಮುಟ್ಟೇ ಇಲ್ಲ ಕಣೋ. ಕೊಳೆ ಆಗ್ಬಾರ್ದು ಅಂತ ಗ್ಲೌಸ್ ಹಾಕ್ಕೊಂಡಿದ್ದೆ."