ಅತ್ತೆಯ ಎಡ ಅಂಗೈ

ಮೊನ್ನೆ ಬೀರು ಒರೆಸುವಾಗ ಒಂದು ಬಿಳಿ ಪ್ಲಾಸ್ಟಿಕ್ ಹಲಗೆ ಕೈಗೆ ಸಿಕ್ಕಿತು. ಬಿಚ್ಚಿದ ಅಂಗೈಯ ಆಕಾರ, ಎರಡು ಕಡೆ ಪಟ್ಟಿ. ಎಳೆದರೆ ಚರ್ ಎನ್ನುತ್ತದೆ. ಮೂಸಿದರೆ ಇನ್ನೂ ಕೊಬ್ಬರಿ ಎಣ್ಣೆಯ ವಾಸನೆ. ಎಸೆಯೋಣವೆಂದು ಬಾಗಿಲವರೆಗೆ ಹೋದವಳು ತಿರುಗಿ ಬಂದು ಕುಳಿತೆ. ನಮ್ಮ ಸೋದರತ್ತೆಯ ಎಡಗೈಯನ್ನು ನಾಲ್ಕು ತಿಂಗಳು ಬಿಚ್ಚಿ ಹಿಡಿದಿದ್ದ ಹಲಗೆ ಇದು. ಆ ಕೈ ಮುಚ್ಚಿಹೋಗಿದ್ದು ನನ್ನಿಂದ. ಮೊನ್ನೆಯವರೆಗೆ ಈ ಮಾತನ್ನು ಅತ್ತೆಯೊಬ್ಬಳನ್ನು ಬಿಟ್ಟು ಊರಿಗೆಲ್ಲ ಹೇಳಿದ್ದೆ. ಈಗ ನಿಮಗೂ ಹೇಳುತ್ತೇನೆ.

ಅತ್ತೆಯ ಮನೆ ಮಹಾರಾಷ್ಟ್ರದ ಗಡಿಯೊಳಗಿನ ಗುಂಜೋಟಿಯಲ್ಲಿ. ರಜೆಗೆ ಹೋದಾಗ ನಮಗಿದ್ದ ಒಂದೇ ಕಷ್ಟವೆಂದರೆ ಅವಳ ಪೂಜೆ. ಸ್ನಾನ ಮುಗಿಸಿ ಮಣೆಯ ಮೇಲೆ ಕುಳಿತು, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ವಿಭೂತಿ ಹಚ್ಚಿ ಪತ್ರಿ ಏರಿಸಿ, ರೆಪ್ಪೆ ಬಡಿಯದೆ ನೋಡುತ್ತ ಅರ್ಧ ತಾಸು ಕೂರುವಳು. ಅವಳು ಏಳುವ ತನಕ ಯಾರಿಗೂ ನಾಷ್ಟಾ ಇಲ್ಲ. ಒಮ್ಮೆ ಹಸಿವಿನ ಸಿಟ್ಟಿನಲ್ಲಿ ಕೇಳಿದೆ: "ಅಷ್ಟೊತ್ತು ಏನ್ ಕಾಣಸ್ತದ ಅತ್ತಿ?"

"ಕಾಣೂದು ಆಮ್ಯಾಲ ಯವ್ವಾ. ಮೊದಲ ಅಂಗೈಗಿ ತಣ್ಣಗ ಅನಸ್ತದ. ಕುಂತಂಗ ಕುಂತಂಗ ನನ್ನ ಕಾವು ಅದಕ್ಕ ಹತ್ತತದ. ಆಗ ಇದು ಬ್ಯಾರೆ, ನಾ ಬ್ಯಾರೆ ಅನಸೂದಿಲ್ಲ."

ನನಗೆ ಆಗ ಉಪ್ಪಿಟ್ಟಿನ ಕಾವೊಂದೇ ಮುಖ್ಯವಾಗಿತ್ತು.

ನಾನು ಕಾಲೇಜಿನಲ್ಲಿದ್ದಾಗ, ಅಂಥದೇ ಒಂದು ರಜೆಯಲ್ಲಿ, ರೊಟ್ಟಿ ಬಡಿದು ಮುಗಿಸಿ ಏಳುತ್ತಿದ್ದ ಅತ್ತೆಯ ಕಾಲು ಜೋಮು ಹಿಡಿದಿತ್ತು. ಆಸರೆಗೆ ಚಾಚಿದ ಎಡಗೈ ಕಾದ ಹಂಚಿನ ಮೇಲೆ ಪೂರಾ ಊರಿತು. ದವಾಖಾನೆಯವರು ಮುಲಾಮು ಕೊಟ್ಟು, ದಿನಾ ಪಟ್ಟಿ ಬದಲಿಸಲು ಹೇಳಿ ಕಳಿಸಿದರು. ಬೆರಳು ನೆಟ್ಟಗಿಟ್ಟು ಕಟ್ಟಿರಿ ಎಂದೂ ಹೇಳಿದ್ದರು. ಆದರೆ ನಾನು ಕಾಲೇಜಿನಲ್ಲಿ ಎರಡು ದಿನದ ಪ್ರಥಮ ಚಿಕಿತ್ಸೆಯ ಶಿಬಿರ ಮುಗಿಸಿ ಸರ್ಟಿಫಿಕೇಟು ಪಡೆದವಳು; ಇನ್ನೊಬ್ಬರ ಮಾತು ನನಗೇಕೆ? ಬೆರಳು ಬಿಡಿಸಿದರೆ ಅತ್ತೆ ನರಳುತ್ತಿದ್ದಳು. ಅರಳೆಯುಂಡೆ ಹಿಡಿಸಿ ಮುಷ್ಟಿ ಮಾಡಿ ಕಟ್ಟಿದರೆ ಸುಮ್ಮನಾಗುತ್ತಿದ್ದಳು. ಹಾಗೇ ಕಟ್ಟಿದೆ, ರಜೆಯುದ್ದಕ್ಕೂ. "ನಿನ್ನ ಕೈ ಭಾಳ ಹಗೂರ ಅದ ಯವ್ವಾ" ಎಂದು ಅವಳು ಹೊಗಳಿದಾಗ ನಾನು ಉಬ್ಬಿಹೋದೆ.

ಗಾಯ ಮಾಯಿತು. ಆದರೆ ಚರ್ಮ ಜಗ್ಗಿಕೊಂಡು ನಾಲ್ಕೂ ಬೆರಳು ಅಂಗೈಗೆ ಅಂಟಿಕೊಂಡವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ನಾನು ದಿನಾ ತೊಳೆದು ಒರೆಸಿದ ಹುಣ್ಣು ಅದು, ನನಗೇ ಕಾಣಲಿಲ್ಲ.

ಅಂದಿನಿಂದ ಅತ್ತೆ ಲಿಂಗವನ್ನು ಬೆಳ್ಳಿಯ ತಾಟಿನಲ್ಲಿಟ್ಟು ಪೂಜಿಸತೊಡಗಿದಳು. ಎಲ್ಲಿಟ್ಟರೂ ದೇವರು ದೇವರೇ ಎಂದು ನಾವು ಸಮಾಧಾನ ಹೇಳಿದೆವು. "ತಾಟಿಗಿ ಕಾವು ಎಲ್ಲಿಂದ ಬರಬೇಕು?" ಎಂದಳು, ಅಷ್ಟೇ. ಪೂಜೆ ಐದು ನಿಮಿಷಕ್ಕೆ ಇಳಿಯಿತು. ಆ ಮನೆಯಲ್ಲಿ ನಾಷ್ಟಾ ಬೇಗ ಸಿಗತೊಡಗಿತು, ಯಾರಿಗೂ ಸೇರಲಿಲ್ಲ.

ನಾನು ಮದುವೆಯಾಗಿ ಉದಗೀರಿಗೆ ಬಂದು ಬಹಳ ವರ್ಷಗಳ ಮೇಲೆ, ಇಂಥ ಕೈಗಳನ್ನು ಬಿಡಿಸುವ ಡಾಕ್ಟರೊಬ್ಬರು ಇಲ್ಲಿಗೇ ಬರುತ್ತಾರೆಂದು ತಿಳಿಯಿತು. ನಿಲಂಗಾ ದಾರಿಯ ಬಸ್ಸಿನಲ್ಲಿ ಅತ್ತೆಯನ್ನು ಕರೆತಂದೆ. ಪ್ಲಾಸ್ಟಿಕ್ ಸರ್ಜರಿ ಎಂದಾಗ "ಬಕೀಟಿಗಿ ತ್ಯಾಪಿ ಹಚ್ಚಿದಂಗ ಹಚ್ತಾರೇನ್?" ಎಂದು ದಾರಿಯುದ್ದಕ್ಕೂ ನಗಿಸಿದಳು. ಆದರೆ ಡಾಕ್ಟರು, ಮರಾಠಿ ಮಾತಿನ ಚಿಕ್ಕ ವಯಸ್ಸಿನ ಹೆಂಗಸು, ತೊಡೆಯ ಸಂದಿನ ಚರ್ಮ ತೆಗೆದು ಅಂಗೈಗೆ ಹೊಲಿಯುವ ಮಾತಾಡಿದ್ದೇ ಅತ್ತೆಯ ಮುಖ ಇಳಿಯಿತು.

"ಅಲ್ಲಿನ ಚರ್ಮದ ಮ್ಯಾಲ ಲಿಂಗ ಕೂಡಸಂಗಿಲ್ಲ. ನಡಿ ಮನಿಗಿ."

ಡಾಕ್ಟರಿಗೆ ನಾನು ಅರ್ಥ ಹೇಳಿದೆ. ಅವರು ನಗಲಿಲ್ಲ. ಅತ್ತೆಯ ಹೊಟ್ಟೆಯ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು, ಇಲ್ಲಿಂದಾದರೆ ಆದೀತೇ ಎಂದು ಕೇಳಿದರು. ಅತ್ತೆ ಬಹಳ ಹೊತ್ತು ತನ್ನ ಹೊಟ್ಟೆಯನ್ನೇ ನೋಡಿದಳು.

"ಮೂರ್ ಮಕ್ಕಳ್ನ ಹೊತ್ತಾದ. ಲಿಂಗ ಹೊರಲಾರದೇನ್?" ಎಂದು ನನಗೆ ಹೇಳಿ, ಡಾಕ್ಟರ ಕಡೆ ತಿರುಗಿ ಮರಾಠಿಯಲ್ಲಿ, "ಘ್ಯಾ ಬಾಯಿ, ಇಥಲೀಚ್ ಘ್ಯಾ" ಎಂದು, ಇಲ್ಲಿಯದೇ ತೆಗೆದುಕೊಳ್ಳಿ ಎನ್ನುತ್ತ ಹೊಟ್ಟೆ ತಟ್ಟಿ ತೋರಿಸಿದಳು.

ಬೆರಳು ಬಿಡಿಸಿದರು, ಹೊಟ್ಟೆಯ ಚರ್ಮ ಕೂಡಿಸಿದರು. ಐದನೆಯ ದಿನ ಪಟ್ಟಿ ಬಿಚ್ಚಿದಾಗ ಒಂದು ಅಂಚು ಕಪ್ಪಗಾಗಿತ್ತು. "ಘಾಬರೂ ನಕಾ", ಗಾಬರಿ ಬೇಡ ಎಂದರು ಡಾಕ್ಟರು; ಅಷ್ಟು ಹೋದರೂ ಉಳಿದದ್ದು ಹಿಡಿದಿದೆ ಎಂದರು. ಆಮೇಲೆ ನಾಲ್ಕು ತಿಂಗಳು ಅತ್ತೆ ನನ್ನ ಮನೆಯಲ್ಲೇ ಇದ್ದಳು. ದಿನಾ ಕೊಬ್ಬರಿ ಎಣ್ಣೆ ತಿಕ್ಕುವುದು, ಮತ್ತೆ ಮಡಚದಂತೆ ಈ ಹಲಗೆಗೆ ಕಟ್ಟುವುದು. ಈ ಸಲ ಬೆರಳು ನೆಟ್ಟಗಿಟ್ಟು ಕಟ್ಟಿದೆ. ಅವಳು ನರಳಿದರೂ ಬಿಡಲಿಲ್ಲ. ಹೊಸ ಚರ್ಮ ಕಪ್ಪಾಯಿತು, ಅದರ ಮೇಲೆ ನವಿರು ಕೂದಲೂ ಬಂತು. "ಗಂಡಸರ ಮಾರಿಗಿ ಬರೂದು ನನ್ನ ಅಂಗೈಗಿ ಬಂತು ನೋಡು" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು.

ಡಾಕ್ಟರು ಒಪ್ಪಿದ ದಿನ ಸ್ನಾನ ಮಾಡಿ ಕುಳಿತಳು. ಲಿಂಗ ಅಂಗೈಯಲ್ಲಿ ಸರಿಯಾಗಿ ಕುಳಿತಿತು. ನಾನು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡೆ. ಆದರೆ ಅತ್ತೆ ಐದೇ ನಿಮಿಷಕ್ಕೆ ಎದ್ದಳು.

"ಕುಂತದೋ ಇಲ್ಲೋ ಕಣ್ಣಿಲೆ ನೋಡಿದ್ರಷ್ಟ ತಿಳಿತದ. ತಣ್ಣಗ ಇಲ್ಲ, ಬೆಚ್ಚಗ ಇಲ್ಲ. ತಾಟ ಆಗ್ಯಾದ ನನ್ನ ಕೈ."

ಸ್ಪರ್ಶ ಅಂಚಿನಿಂದ ನಿಧಾನಕ್ಕೆ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಅತ್ತೆ ಹಲಗೆ ನನ್ನಲ್ಲೇ ಬಿಟ್ಟು ಊರಿಗೆ ಹೋದಳು. ಇದು ಹೋದ ವರ್ಷದ ಮಾತು.

ಮೊನ್ನೆ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಫೋನು ಹಚ್ಚಿದೆ. ಪೀಠಿಕೆ ಹಾಕಿದರೆ ಧೈರ್ಯ ಹೋಗುತ್ತದೆಂದು ನೇರ ಹೇಳಿಬಿಟ್ಟೆ: "ಅತ್ತಿ, ಅವತ್ತ ದವಾಖಾನ್ಯಾಗ ಬೆರಳು ನೆಟ್ಟಗ ಕಟ್ಟಂದಿದ್ರು. ಮುಷ್ಟಿ ಮಾಡಿ ಕಟ್ಟದಕಿ ನಾ. ನಿನ್ನ ಕೈ ಕೆಡಸದಕಿ ನಾನ."

"ಗೊತ್ತದ" ಎಂದಳು. "ಯಾರ್ ಹಿಂಗ ಕಟ್ಟಿದ್ರು ಅಂತ ಆ ಡಾಕ್ಟರ್‌ಬಾಯಿ ಕೇಳಿದ್ಳು, ನೀ ಔಷಧ ತರ್ಲಿಕ್ಕ ಹೋದಾಗ. ನಾನ ಕಟ್ಕೊಂಡೆ ಅಂದೆ."

ನಾನು ಹಲಗೆಯ ಪಟ್ಟಿ ಎಳೆದೆ; ಚರ್ ಎಂದಿತು.

"ಆ ಮಾತ್ ಬಿಡು. ಕೇಳಿಲ್ಲಿ. ನಾಕ್ ದಿನ ಆತು, ಖರೇ ಆಗ್ಲಿ ಅಂತ ಯಾರಿಗೂ ಹೇಳಿದ್ದಿಲ್ಲ. ಕಿರಿಬೆರಳಿನ ಕಡಿ, ಅಂಚಿಗಿ, ಒಂದ್ ಜ್ವಾಳದ ಕಾಳಿನಷ್ಟು ಜಾಗಾದಾಗ ತಣ್ಣಗ ಅನಸ್ತದ ಯವ್ವಾ."

ಹೊತ್ತು ಹತ್ತೂವರೆ. ಅವಳ ಹಿಂದೆ ಮೊಮ್ಮಕ್ಕಳ ಗಲಾಟೆ ಕೇಳುತ್ತಿತ್ತು. ಅದೇನು ಗಲಾಟೆ ಅತ್ತಿ ಎಂದೆ.

"ಏನಿಲ್ಲ. ನಾ ಈಗ ಪೂಜಾದಿಂದ ಎದ್ದೀನಿ. ನಾಷ್ಟಾ ಇನ್ನಾ ಆಗಿಲ್ಲಂತ ಒದರ್ಲಿಕತ್ತಾವ."