ಕಾಕಾನ ಮೀಟರಿನೊಳಗಿನ ಗಾಳಿ

ಆಗೆಲ್ಲ ಕಮಲಾಪುರದಲ್ಲಿ ಮಳೆಗಾಲವೆಂದರೆ ನಮ್ಮ ಮನೆ ಮೇಲೇರುವ ಕಾಲ. ಶಾಲೆಯಲ್ಲಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ, ಆದರೆ ಕಾಕಾನ ಮೀಟರು ಹಾಗೇ ತೋರಿಸುತ್ತಿತ್ತು.

ಕಾಕಾ ಅಪ್ಪನ ತಮ್ಮ. ವಿಮಾನದ ಮೀಟರು ರಿಪೇರಿ ಮಾಡುವ ನೌಕರಿ ಮುಗಿಸಿ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ ಒಬ್ಬನೇ ಇದ್ದ. ಎದೆಯ ರೋಗ ಹೆಚ್ಚಾದಾಗ ಅವ್ವ ಹಟ ಹಿಡಿದು ಕರೆತಂದಳು. ಔಷಧದ ಚೀಲದ ಜೊತೆ ಅವನು ತಂದದ್ದು ವಿಮಾನದ ಎತ್ತರ ತೋರಿಸುವ ಹಳೆಯ ಮೀಟರೊಂದನ್ನೇ. ಅದರೊಳಗೆ ಗಾಳಿ ತೆಗೆದ ತೆಳು ತಗಡಿನ ಡಬ್ಬಿ ಇದೆಯಂತೆ. ಮೇಲೆ ಹೋದಂತೆ ಸುತ್ತಲ ಗಾಳಿ ಹಗುರಾಗಿ ಡಬ್ಬಿ ಉಬ್ಬುತ್ತದೆ, ಮುಳ್ಳು ಏರುತ್ತದೆ. ಮಳೆಮೋಡ ಕಟ್ಟಿದಾಗಲೂ ಗಾಳಿ ಹಗುರ. ಆಗ ಗೋಡೆಯ ಗೂಡಿನಲ್ಲಿ ಕೂತ ಮೀಟರೂ ಏರಿದೆನೆಂದು ಸುಳ್ಳು ಹೇಳುತ್ತದೆ. ಅದಕ್ಕೇ ಪೈಲಟ್‌ಗಳು ಹಾರುವ ಮುನ್ನ ತಿರುಪು ತಿರುಗಿಸಿ ಅಂದಿನ ಗಾಳಿಗೆ ಹೊಂದಿಸಿಕೊಳ್ಳುತ್ತಾರೆ.

ನಾವು ತಿರುಪು ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಚುರುಮುರಿ ಸುಸ್ಲಾದ ಒಗ್ಗರಣೆ ವಾಸನೆ ಬರುವ ಹೊತ್ತಿಗೆ ಕಾಕಾ ಹಾಸಿಗೆಯಿಂದಲೇ ಕೇಳುವನು: "ಇವತ್ತ ಮನಿ ಎಷ್ಟ ಮ್ಯಾಲ ಹೋಗ್ಯಾದವಾ?" ಮುಳ್ಳು ಇಳಿದು ಆಕಾಶ ತಿಳಿಯಾದರೆ ತನ್ನ ಉಸಿರೂ ಸರಿಹೋಗುತ್ತದೆ ಎನ್ನುತ್ತಿದ್ದ. ಹಾಗಾಗಿ ನನಗೆ ಮನೆ ಏರಿಸುವ ಆಟ ಬೇಡವಾಯಿತು, ಮುಳ್ಳು ಇಳಿದರೆ ಸಾಕಾಗಿತ್ತು.

ಆಯುಧಪೂಜೆಯ ದಿನ ಜಿಟಿಜಿಟಿ ಮಳೆ. ಈಳಿಗೆ, ಹೊಲಿಗೆ ಯಂತ್ರದ ಜೊತೆ ಅವ್ವ ಮೀಟರನ್ನೂ ಪೂಜೆಗಿಟ್ಟಳು. ಗಾಜು ಹೊಲಸಾಗಬಾರದೆಂದು ಅದನ್ನು ಮಗುಚಿ ಬೆನ್ನಿಗೆ ವಿಭೂತಿ ಬಳಿದಳು. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಅಲ್ಲಿದ್ದ ಸಣ್ಣ ತೂತಿನ ಮೇಲೆ ಒತ್ತಿ ಹಚ್ಚಿ, ಮೈದುನ ಬೇಗ ಗುಣವಾಗಲೆಂದು ಕೈಮುಗಿದಳು.

ಮರುದಿನದಿಂದ ಬಿಸಿಲು ಬಿತ್ತು. ಮುಳ್ಳು ಮಾತ್ರ ಅಲ್ಲಾಡಲಿಲ್ಲ. ಅಳುತ್ತ ಮೀಟರನ್ನು ಕಾಕಾನ ಕೈಗಿಟ್ಟೆ. ಅವನು ತಿರುಗಿಸಿ ನೋಡಿದ. ಹೊರಗಿನ ಗಾಳಿ ಒಳಗೆ ಹೋಗಲು ಇದ್ದದ್ದು ಅದೊಂದೇ ತೂತು, ಕುಂಕುಮ ಮೆತ್ತಿ ಮುಚ್ಚಿತ್ತು. ನಾನು ಸೂಜಿ ತರಲು ಎದ್ದೆ.

"ಬ್ಯಾಡ, ಇರ್ಲಿ. ನಿಮ್ಮವ್ವ ನನ್ನ ಸಲುವಾಗಿ ಹಚ್ಯಾಳ. ಆಕಿಗಿ ಹೇಳಬ್ಯಾಡ," ಎಂದ. ಸ್ವಲ್ಪ ಸುಧಾರಿಸಿಕೊಂಡು, "ಹಬ್ಬದ ಗಾಳಿ ಒಳಗ ಉಳದದ. ಉಳೀಲಿ," ಎಂದ.

ದೀಪಾವಳಿಗೆ ಮುಂಚೆಯೇ ಕಾಕಾ ತೀರಿಹೋದ. ಆಕಾಶ ತಿಳಿಯಾಗಿಯೇ ಇತ್ತು.

ಈಗ ಮೀಟರು ಕಲಬುರಗಿಯ ನನ್ನ ಮನೆಯಲ್ಲಿದೆ. ಪ್ರತಿ ದಸರೆಗೆ ಅವ್ವ ಬಂದು ಹಳೆಯ ಕುಂಕುಮದ ಮೇಲೆ ಹೊಸದು ಹಚ್ಚುತ್ತಾಳೆ. ಅವಳಿಗೆ ಇಂದಿಗೂ ಗೊತ್ತಿಲ್ಲ. ಮೊನ್ನೆ ಮಗಳು, ತೂತು ಬಿಡಿಸಿದರೆ ಇದು ಮತ್ತೆ ನಡೆಯುತ್ತದೆ ಎಂದು ಪಿನ್ನು ಹಿಡಿದು ಬಂದಳು. ಬೈದು ಕಸಿದುಕೊಂಡೆ. ಪಾಪ, ಅವಳಿಗೇನು ಗೊತ್ತು. ಮನೆ ಮೇಲೇರುವ ಮಳೆಗಾಲ ನನಗೆ ಮತ್ತೆ ಬರಲಿಲ್ಲ. ಉಳಿದಿರುವುದು ಆ ಗಾಜಿನ ಹಿಂದಿರುವ ಹಿಡಿಯಷ್ಟು ಗಾಳಿ. ಅದು ಒಳಗೆ ಸಿಕ್ಕಿಕೊಂಡ ದಿನ ಕಾಕಾ ಪಕ್ಕದ ಕೋಣೆಯಲ್ಲಿ ಉಸಿರಾಡುತ್ತಿದ್ದ.